ಕಡವು, ಬಲೆ ಮತ್ತು ಆಟ

ಮಂಗಳೂರಿನ ಹಳೆ ಬಂದರಿನ ಎದುರಿಗೆ, ಫಲ್ಗುಣಿ ಎಂದೂ ಗುರುಪುರ ಹೊಳೆ ಎಂದೂ ಕರೆಯಲಾಗುವ ನದಿಯ ಆಚೆಗೆ, ತಣ್ಣೀರುಬಾವಿಯ ಕಡೆಯಿಂದ ತೆಂಕಣಕ್ಕೆ ಚಾಚಿಕೊಂಡಿರುವ ಕಿರಿದಾದ ಮರಳಿನ ಪಟ್ಟಿಯೇ ಬೆಂಗ್ರೆ. ಅದರ ಪಡುವಣ ಮಗ್ಗುಲಿಗೆ ಅರಬ್ಬೀ ಸಮುದ್ರವೂ ಮೂಡಣ ಮಗ್ಗುಲಿಗೆ ಹೊಳೆಯೂ ಇದ್ದು, ತೆಂಕಣ ತುದಿಯಲ್ಲಿ ಫಲ್ಗುಣಿ ಮತ್ತು ನೇತ್ರಾವತಿಗಳೆರಡೂ ಕೂಡಿ ಕಡಲಿಗೆ ಇಳಿಯುವ ಅಳಿವೆ, ಅಂದರೆ ನದೀಮುಖ, ತೆರೆದುಕೊಂಡಿದೆ. ಮೀನುಗಾರ ಸಮುದಾಯದವರಾದ ಮೊಗವೀರರು ಹೆಚ್ಚಾಗಿರುವ ತೋಟ ಬೆಂಗ್ರೆ, ಬ್ಯಾರಿ ಮುಸ್ಲಿಮರು ಹೆಚ್ಚಾಗಿರುವ ಕಸಬಾ ಬೆಂಗ್ರೆ ಎಂಬ ಎರಡು ಭಾಗಗಳಲ್ಲಿ ಬದುಕುತ್ತಿರುವ ಇಲ್ಲಿನ ಜನರಿಗೆ ಕಡಲು ಉದ್ಯೋಗದ ತಾಣವಾದರೆ ಹೊಳೆ ಪೇಟೆಗೆ ಹೋಗುವ ದಾರಿ. ಆಡಳಿತದ ಲೆಕ್ಕದಲ್ಲಿ ಊರು ಮಂಗಳೂರು ನಗರಕ್ಕೇ ಸೇರಿದೆ. ಆದರೂ ಇಲ್ಲಿಂದ ಹೊರಟವರು ಇಂದಿಗೂ ‘ಮಂಗಳೂರಿಗೆ ಹೋಗಿ ಬರುತ್ತೇವೆ’ ಎಂದೇ ಹೇಳುವುದುಂಟು.

ಮನುಷ್ಯರ ದಿನಗಳನ್ನು ಹಗುರಗೊಳಿಸುವ ಸಂತೋಷಗಳ ಬಗ್ಗೆ ಬರೆಯುವವರು ಅವುಗಳನ್ನು ಸಾಮಾನ್ಯವಾಗಿ ದುಡಿಮೆಯಿಂದ ಬೇರ್ಪಡಿಸಿ, ರಜೆಯ ದಿನ, ಪ್ರವಾಸದ ದಿನ, ನಾಟಕದ ಸಂಜೆ, ಬಿಡುವಿನ ಕೈಕೆಲಸ ಎಂದು ವಿಂಗಡಿಸಿ ನೋಡುತ್ತಾರೆ. ಬಿಡುವಿಗೂ ದುಡಿಮೆಗೂ ಖಚಿತವಾದ ಗಡಿಯಿರುವ ಕಚೇರಿ ಕೆಲಸದವರ ಮಟ್ಟಿಗೆ ಈ ವಿಂಗಡಣೆ ಸರಿಯಿರಬಹುದು. ಬೆಂಗ್ರೆಯಂಥ ಊರಿನಲ್ಲಿ ಮಾತ್ರ ಪಯಣವೆಂಬುದು ದಿನವೂ ಹೊಳೆ ದಾಟುವ ಅನಿವಾರ್ಯ, ಹೆಣಿಗೆಯೆಂಬುದು ಬಲೆಯ ಕೆಲಸ, ಆಟ ನೋಡುವುದೆಂದರೆ ದೋಣಿಯ ವೇಳೆಯನ್ನು ಲೆಕ್ಕ ಹಾಕಿ ಹೊರಡುವ ಸಂಗತಿ, ನೆನಪೆಂಬುದು ಕಣ್ಣೆದುರೇ ಬದಲಾದ ಕಸುಬಿನ ಚರಿತ್ರೆ. ಸಂತೋಷ ಇಲ್ಲಿ ದುಡಿಮೆಯ ದಾರಿಯಲ್ಲೇ ಸಿಗುತ್ತದೆ. ಆ ಕಾರಣಕ್ಕೆ ಅದರ ಬೆಲೆ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ.

ಮೊದಲಿಗೆ ಕಡವು, ಅಂದರೆ ಹೊಳೆ ದಾಟಿಸುವ ದೋಣಿ ಬಂದು ನಿಲ್ಲುವ ತಾಣ. ರಸ್ತೆಯ ಮೂಲಕ ಬೆಂಗ್ರೆಯಿಂದ ನಗರಕ್ಕೆ ಬರಬೇಕಾದರೆ ತಣ್ಣೀರುಬಾವಿ, ಪಣಂಬೂರುಗಳನ್ನು ಹಾದು, ಕೂಳೂರಿನ ಸೇತುವೆ ದಾಟಿ, ಹೊಳೆಗೆ ಒಂದು ದೊಡ್ಡ ಸುತ್ತು ಹಾಕಬೇಕು. ದೋಣಿಯಲ್ಲಾದರೆ ಕೆಲವೇ ನಿಮಿಷಗಳಲ್ಲಿ ಬಂದರಿನ ಕಟ್ಟೆಯನ್ನು ಮುಟ್ಟಬಹುದು. ಶಾಲಾ ಕಾಲೇಜುಗಳ ಮಕ್ಕಳು, ಮೀನಿನ ಬುಟ್ಟಿ ಹಿಡಿದ ಹೆಂಗಸರು, ಅಂಗಡಿ ಕೆಲಸಕ್ಕೆ ಹೋಗುವವರು, ಆಸ್ಪತ್ರೆಗೆ ಹೊರಟ ಮುದುಕರು ಎಲ್ಲರೂ ಅದೇ ದೋಣಿಯಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಂತು ದಾಟುತ್ತಾರೆ. ಸ್ವಲ್ಪ ಬಡಗಣಕ್ಕೆ, ಟಿಪ್ಪು ಸುಲ್ತಾನನು 1784ರಲ್ಲಿ ಹೊಳೆಬಾಗಿಲಿನ ಮೇಲೆ ಕಣ್ಣಿಡಲು ಕಪ್ಪು ಕಲ್ಲಿನಲ್ಲಿ ಕಟ್ಟಿಸಿದ ಸುಲ್ತಾನ್ ಬತ್ತೇರಿಯ ಬಳಿಯಿಂದಲೂ ತಣ್ಣೀರುಬಾವಿಗೆ ದೋಣಿಯುಂಟು. ಕಡಲು ನೋಡಲು ಬರುವ ಪೇಟೆಯವರು ಹೆಚ್ಚಾಗಿ ಹಿಡಿಯುವುದು ಆ ದಾರಿಯನ್ನೇ. ಬೆಂಗ್ರೆಯ ಕಡವಾದರೋ ಊರವರದ್ದು.

ಈ ಸಣ್ಣ ಪಯಣದ ಸುಖವೇನೆಂದು ಕೇಳಿದರೆ ಉತ್ತರ ತೀರ ಸರಳವಾದದ್ದು. ದೋಣಿ ಕಟ್ಟೆ ಬಿಟ್ಟ ಗಳಿಗೆಯಿಂದ ಆಚೆ ದಡ ಮುಟ್ಟುವವರೆಗೆ ಯಾರೂ ಏನೂ ಮಾಡಬೇಕಾಗಿಲ್ಲ, ಮಾಡಲು ಸಾಧ್ಯವೂ ಇಲ್ಲ. ಹೊತ್ತು ಮೀರಿತೆಂದು ಚಡಪಡಿಸಿದರೂ ದೋಣಿ ತನ್ನ ವೇಗದಲ್ಲೇ ಹೋಗುತ್ತದೆ. ಒಂದು ಕಡೆ ದಕ್ಕೆಯಲ್ಲಿ, ಅಂದರೆ ಮೀನುಗಾರಿಕೆಯ ಬಂದರಿನ ಕಟ್ಟೆಯಲ್ಲಿ, ಸಾಲುಗಟ್ಟಿ ನಿಂತ ಬೋಟುಗಳೂ ಅವುಗಳ ಮೇಲೆ ಸುತ್ತುವ ಗರುಡಗಳೂ ಕಾಣಿಸುತ್ತವೆ. ಇನ್ನೊಂದು ಕಡೆ ಲಕ್ಷದ್ವೀಪಕ್ಕೆ ಸಾಮಾನು ಹೇರಿಕೊಳ್ಳುವ ಮಂಜಿಗಳು, ಅಂದರೆ ಮರದ ದೊಡ್ಡ ಸರಕು ಹಡಗುಗಳು, ನಿಂತಿರುತ್ತವೆ. ದಿನವೂ ದಾಟುವವರು ಇವನ್ನೆಲ್ಲ ನೋಡುವುದಿಲ್ಲವೆಂದು ಹೇಳುವುದು ತಪ್ಪಾಗುತ್ತದೆ. ಯಾವ ಬೋಟು ಹೊರಟಿದೆ, ಯಾವುದು ಬಂದಿದೆ, ಹೊಳೆಯ ನೀರು ಏರಿದೆಯೋ ಇಳಿದಿದೆಯೋ, ಪಡುವಣದಲ್ಲಿ ಮೋಡ ಕಟ್ಟುತ್ತಿದೆಯೋ ಎಂಬುದನ್ನೆಲ್ಲ ಅವರು ಒಂದೇ ನೋಟದಲ್ಲಿ ಓದಿಕೊಳ್ಳುತ್ತಾರೆ. ಪ್ರವಾಸಿಯ ಬೆರಗಿಗಿಂತ ಈ ಬಲ್ಲವರ ನೋಟದಲ್ಲಿ ಸಂತೋಷ ಕಡಿಮೆಯೆಂದು ತಿಳಿಯಲು ಕಾರಣವಿಲ್ಲ.

ಇದೇ ಅಳಿವೆಯ ಮೂಲಕ ಒಂದು ಕಾಲದಲ್ಲಿ ದೂರದ ಪಯಣಗಳೂ ನಡೆದವು. ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿ ವ್ಯಾಪಾರ ಮಾಡಿದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕನ ಕಾಗದಪತ್ರಗಳು ಈಜಿಪ್ಟಿನ ಕೈರೋದ ಸಿನಗಾಗ್ ಒಂದರಲ್ಲಿ ದೊರೆತು, ಅವನ ಮತ್ತು ಅವನ ಆಳು ಬೊಮ್ಮನ ಕಥೆಯನ್ನು ಹುಡುಕುತ್ತ ಅಮಿತಾವ್ ಘೋಷ್ ಅವರು 1992ರಲ್ಲಿ ‘ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ಬಹಳ ಮುಂದೆ, ಹಬೆಯಂತ್ರದ ಹಡಗುಗಳು ಮುಂಬಯಿಯಿಂದ ಕರಾವಳಿಯುದ್ದಕ್ಕೂ ಓಡಾಡತೊಡಗಿದಾಗ, ಅಳಿವೆಯಲ್ಲಿ ಮರಳು ತುಂಬಿ ಆಳ ಸಾಲದೆ ಅವು ಹೊರಗಡೆಯೇ ಲಂಗರು ಹಾಕಬೇಕಾಗುತ್ತಿತ್ತು. ಪ್ರಯಾಣಿಕರು ದೋಣಿಗಳಲ್ಲಿ ಇಳಿದು ದಡ ಸೇರುತ್ತಿದ್ದರು. 1907ರಲ್ಲಿ ಮದರಾಸಿನ ಕಡೆಯ ರೈಲು ಮಂಗಳೂರಿಗೆ ಬಂದಿತು, ಪಣಂಬೂರಿನ ನವಮಂಗಳೂರು ಬಂದರು 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು, 1998ರಲ್ಲಿ ಕೊಂಕಣ ರೈಲು ಪೂರ್ಣಗೊಂಡಿತು. ದೂರದ ದಾರಿಗಳೆಲ್ಲ ಹೀಗೆ ಬದಲಾದವು. ಹೊಳೆ ದಾಟುವ ದಾರಿಯೊಂದು ಮಾತ್ರ ಬದಲಾಗದೆ ಉಳಿಯಿತು.

ದೋಣಿಯಿಂದ ಇಳಿದವರಿಗೆ ನಗರದಲ್ಲಿ ಕಲೆಯ ದಾರಿಗಳು ಹಲವು. ಅವುಗಳಲ್ಲಿ ಬೆಂಗ್ರೆಯವರ ಕಣ್ಣಿಗೆ ವಿಶೇಷವಾಗಿ ತಾಗಬೇಕಾದದ್ದು ಲೈಟ್‌ಹೌಸ್ ಹಿಲ್‌ನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯ. 1880ರಲ್ಲಿ ಆರಂಭವಾದ ಆ ಕಾಲೇಜಿನ ಆವರಣದಲ್ಲಿ 1880ರ ದಶಕದಲ್ಲೇ ಕಟ್ಟಲಾದ ಈ ಮಂದಿರದ ಗೋಡೆ ಮತ್ತು ಛಾವಣಿಗಳನ್ನು, ಇಟಲಿಯ ಬೆರ್ಗಾಮೋ ಪ್ರಾಂತದಿಂದ ಬಂದ ಜೆಸುಯಿಟ್ ಸೋದರ ಆಂಟೋನಿಯೊ ಮೊಸ್ಕೇನಿಯವರು 1899ರಿಂದ 1901ರವರೆಗೆ ಚಿತ್ರಗಳಿಂದ ತುಂಬಿದರು. ಅದರಲ್ಲಿ ಕೆಲವು ಬಟ್ಟೆಯ ಮೇಲಿನ ತೈಲವರ್ಣದ ಚಿತ್ರಗಳು, ಉಳಿದವು ಫ್ರೆಸ್ಕೊಗಳು. ಫ್ರೆಸ್ಕೊ ಎಂದರೆ ಸುಣ್ಣದ ಗಾರೆ ಇನ್ನೂ ಹಸಿಯಾಗಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣವನ್ನು ಅದರ ಮೇಲೆ ಹಚ್ಚುವ ವಿಧಾನ; ಗಾರೆ ಒಣಗುತ್ತ ಗಟ್ಟಿಯಾದಂತೆ ಬಣ್ಣ ಅದರೊಳಗೇ ಕಟ್ಟಿಕೊಳ್ಳುತ್ತದೆಯಾದ್ದರಿಂದ ಒಂದು ದಿನಕ್ಕೆ ಎಷ್ಟು ಬಿಡಿಸಬಲ್ಲೆನೆಂದು ಅಳೆದು ಅಷ್ಟೇ ಗಾರೆ ಬಳಿಯಬೇಕು, ಬಳಿದ ಮೇಲೆ ಕೈ ತಡೆಯಬಾರದು. ಹಸಿ ಆರುವುದರೊಳಗೆ ಮುಗಿಸಬೇಕಾದ ಕೆಲಸದ ಒತ್ತಡವನ್ನು, ಗಾಳಿ ತಿರುಗುವುದರೊಳಗೆ ಬಲೆ ಎಳೆದು ಮುಗಿಸುವವರಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಮೇಲೆ ಸಂತ ಅಲೋಶಿಯಸ್ ಗೊನ್ಸಾಗನ ಜೀವನದ ಪ್ರಸಂಗಗಳಿವೆ. ಆ ಚಿತ್ರಗಳ ಹಿಂದಿರುವ ಧರ್ಮಕ್ಕೂ ಬಲೆಗೂ ನಂಟು ಹಳೆಯದು: ಯೇಸುವಿನ ಮೊದಲ ಶಿಷ್ಯರಲ್ಲಿ ನಾಲ್ವರು ಮೀನುಗಾರರಾಗಿದ್ದು, ಅವರಲ್ಲಿ ಯಾಕೋಬ ಮತ್ತು ಯೋಹಾನರೆಂಬ ಅಣ್ಣತಮ್ಮಂದಿರು ಕರೆ ಬಂದಾಗ ದೋಣಿಯಲ್ಲಿ ಕುಳಿತು ಬಲೆ ಸರಿಪಡಿಸುತ್ತಿದ್ದರೆಂದು ಮತ್ತಾಯ ಮತ್ತು ಮಾರ್ಕರ ಸುವಾರ್ತೆಗಳು ಹೇಳುತ್ತವೆ. ಆ ಸಂಗತಿ ತಿಳಿದು ಆ ಮಂದಿರದೊಳಗೆ ನಿಂತವರಿಗೆ ಇಟಲಿಯ ಬಣ್ಣಕ್ಕೂ ಫಲ್ಗುಣಿಯ ದಡಕ್ಕೂ ನಡುವಿನ ದೂರ ಬಹಳ ಕಿರಿದಾಗುತ್ತದೆ.

ಬಿಜೈಯಲ್ಲಿರುವ ಶ್ರೀಮಂತಿ ಬಾಯಿ ಸ್ಮಾರಕ ವಸ್ತುಸಂಗ್ರಹಾಲಯವೂ ಕಡಲಿನವರಿಗೆ ಹತ್ತಿರದ್ದೇ, ಏಕೆಂದರೆ ಅದರ ಕಟ್ಟಡವೇ ಹಡಗಿನ ಆಕಾರದಲ್ಲಿದೆ. ಕರ್ನಲ್ ವಿ. ಆರ್. ಮಿರಜ್‌ಕರ್ ಅವರು ತಾಯಿಯ ನೆನಪಿಗಾಗಿ ದಾನ ಮಾಡಿದ ಆ ಮನೆ 1960ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡಿತು. ಬಲ್ಮಠದ ಡಾನ್ ಬಾಸ್ಕೊ ಸಭಾಂಗಣ, ಕುದ್ಮುಲ್ ರಂಗರಾಯರ ಹೆಸರಿನ ಪುರಭವನ ಇವು ತುಳು ಮತ್ತು ಕೊಂಕಣಿ ನಾಟಕಗಳ ಹಳೆಯ ನೆಲೆಗಳು. ಶಕ್ತಿನಗರದ ಕಲಾಂಗಣದಲ್ಲಿ ಮಾಂಡ್ ಸೊಭಾಣ್ ಸಂಸ್ಥೆ 2002ರಿಂದ ತಿಂಗಳ ಮೊದಲ ಭಾನುವಾರ ನಡೆಸುತ್ತ ಬಂದಿರುವ ತಿಂಗಳ ವೇದಿಕೆ, ಕಲೆಗೆ ಒಂದು ನಿಶ್ಚಿತವಾದ ದಿನವನ್ನು ಗೊತ್ತುಮಾಡಿದರೆ ಸಾಕು, ಜನ ತಾವಾಗಿ ಬರುತ್ತಾರೆಂಬುದಕ್ಕೆ ಒಳ್ಳೆಯ ನಿದರ್ಶನ.

ಆದರೆ ಕರಾವಳಿಯಲ್ಲಿ ‘ಆಟಕ್ಕೆ ಹೋಗುವುದು’ ಎಂದರೆ ಯಕ್ಷಗಾನಕ್ಕೆ ಹೋಗುವುದು. ಬೇರೆ ಯಾವ ಕಲೆಗೂ ಆ ಮಾತು ಸಲ್ಲುವುದಿಲ್ಲ. ತೆಂಕುತಿಟ್ಟಿನ, ಅಂದರೆ ಯಕ್ಷಗಾನದ ತೆಂಕಣ ಶೈಲಿಯ, ಬಯಲಾಟಗಳು ಇಡೀ ರಾತ್ರಿ ನಡೆಯುತ್ತಿದ್ದ ಕಾಲದಲ್ಲಿ ಹೊಳೆಯಾಚೆಯ ಪ್ರೇಕ್ಷಕರಿಗೆ ಒಂದು ಅನುಕೂಲವಿತ್ತು: ಸಂಜೆಯ ದೋಣಿಯಲ್ಲಿ ಬಂದವರು ಮಂಗಳ ಹಾಡುವ ಹೊತ್ತಿಗೆ ಬೆಳಕು ಹರಿದಿರುವುದರಿಂದ ಬೆಳಗಿನ ದೋಣಿಯಲ್ಲಿ ಮರಳಬಹುದಿತ್ತು. ಈಗ ಕಾಲಮಿತಿಯ ಆಟಗಳು, ಅಂದರೆ ಮಧ್ಯರಾತ್ರಿಯೊಳಗೆ ಮುಗಿಯುವಂತೆ ಪ್ರಸಂಗವನ್ನು ಮೊಟಕುಗೊಳಿಸಿದ ಪ್ರದರ್ಶನಗಳು, ವಾಡಿಕೆಯಾಗಿವೆ. ಮಾರನೆಯ ದಿನ ಕೆಲಸಕ್ಕೆ ಹೋಗಬೇಕಾದವರಿಗೆ ಅದು ಒಳ್ಳೆಯದೇ. ಆದರೂ ನಿದ್ದೆಯೂ ಎಚ್ಚರವೂ ಬೆರೆತ ಕಣ್ಣಿನಲ್ಲಿ, ಚೆಂಡೆಯ ಸದ್ದಿಗೆ ಒಮ್ಮೆಲೇ ಎದ್ದು ಕುಳಿತು, ಬಣ್ಣದ ವೇಷದ ಪ್ರವೇಶವನ್ನು ನೋಡುವ ಅನುಭವ ಹೋದದ್ದು ನಿಜವಾದ ನಷ್ಟವೆಂದೇ ಹೇಳಬೇಕು.

ಆಟದ ಸುಖದಲ್ಲಿ ಅರ್ಧ ಭಾಗ ಚೌಕಿಯದ್ದು. ಚೌಕಿ ಎಂದರೆ ವೇಷಧಾರಿಗಳು ಬಣ್ಣ ಹಚ್ಚಿಕೊಂಡು ಸಜ್ಜಾಗುವ ಮನೆ. ರಾಕ್ಷಸ ಪಾತ್ರಗಳ ಬಣ್ಣದ ವೇಷಕ್ಕೆ ಕೆನ್ನೆ, ಹಣೆಗಳ ಮೇಲೆ ಚುಟ್ಟಿ ಇಡುತ್ತಾರೆ; ಅಕ್ಕಿ ಹಿಟ್ಟು ಮತ್ತು ಸುಣ್ಣ ಬೆರೆಸಿದ ಹಿಟ್ಟಿನ ಚುಕ್ಕಿಗಳನ್ನು ಒಂದರ ಪಕ್ಕಕ್ಕೆ ಒಂದರಂತೆ, ಮುಳ್ಳುಮುಳ್ಳಾಗಿ ಎದ್ದು ನಿಲ್ಲುವ ಹಾಗೆ ಸಾಲಾಗಿ ಇಡುವ ಈ ಕೆಲಸಕ್ಕೆ ಗಂಟೆಗಳೇ ಹಿಡಿಯುತ್ತವೆ. ವೇಷಧಾರಿ ಕನ್ನಡಿ ಹಿಡಿದು ತನ್ನ ಮುಖಕ್ಕೆ ತಾನೇ ಚುಕ್ಕಿ ಇಡುತ್ತಾನೆ. ಒಂದು ಸಾಲು ಒಣಗಿದ ಮೇಲೆ ಇನ್ನೊಂದು ಸಾಲು. ಮಾತಾಡಿದರೆ ಬಿರುಕು ಬಿಡುವುದರಿಂದ ಅವನು ಮಾತಾಡುವುದಿಲ್ಲ. ಚೌಕಿಯ ಪರದೆಯ ಸಂದಿನಿಂದ ಇಣುಕುವ ಮಕ್ಕಳು ಮನುಷ್ಯನೊಬ್ಬ ನಿಧಾನವಾಗಿ ರಾಕ್ಷಸನಾಗುವುದನ್ನು ನೋಡುತ್ತಾರೆ. ಕಸಬಾ ಬೆಂಗ್ರೆಯ ಬದಿಯ ರಂಜನೆಗಳು ಬೇರೆ ಬಗೆಯವು: ಬ್ಯಾರಿಗಳ ದಫ್, ಅಂದರೆ ಅಗಲ ಬಾಯಿಯ ಚರ್ಮವಾದ್ಯವನ್ನು ಬಾರಿಸುತ್ತ ಸಾಲಾಗಿ ನಿಂತು ಹಾಡುತ್ತ ಬಾಗಿ ಏಳುವ ಪದ್ಧತಿ ಒಂದು, ಮರಳಿನ ಮೇಲಿನ ಫುಟ್‌ಬಾಲ್ ಇನ್ನೊಂದು.

ಕಡಲ ಕರೆಯಲ್ಲಿ, ಅಂದರೆ ಸಮುದ್ರದ ದಂಡೆಯಲ್ಲಿ, ತೆಂಗಿನ ನೆರಳಿಗೆ ಕುಳಿತು ಬಲೆ ಹೆಣೆಯುವವರನ್ನು ನೋಡದೆ ಬೆಂಗ್ರೆಯನ್ನು ನೋಡಿದಂತಾಗುವುದಿಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನಗಳ ಕಾಲ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮಳೆಗಾಲ ಬಲೆಗಳ ಕೆಲಸದ ಕಾಲ. ಉಳಿದ ದಿನಗಳಲ್ಲೂ ಹರಿದದ್ದನ್ನು ಅಂದಂದೇ ಕೂಡಿಸದಿದ್ದರೆ ತೂತು ದೊಡ್ಡದಾಗುತ್ತದೆ.

ಕೆಲಸಕ್ಕೆ ಬೇಕಾದ ಸಾಧನಗಳು ಎರಡೇ. ಒಂದು, ಚಪ್ಪಟೆಯಾದ ಸೂಜಿ. ಹಿಂದೆ ಬಿದಿರಿನದ್ದು, ಈಗ ಹೆಚ್ಚಾಗಿ ಪ್ಲಾಸ್ಟಿಕ್ಕಿನದ್ದು. ಅದರ ನಡುವಿನ ನಾಲಗೆಗೆ ನೂಲನ್ನು ಸುತ್ತಿಕೊಳ್ಳುತ್ತಾರೆ. ಇನ್ನೊಂದು, ಬಲೆಯ ಕಣ್ಣಿನ ಅಳತೆಗೆ ಸರಿಯಾಗಿ ಕತ್ತರಿಸಿದ ಪಟ್ಟಿ. ಕಣ್ಣು ಎಂದರೆ ನಾಲ್ಕು ಗಂಟುಗಳ ನಡುವಿನ ತೆರಪು. ಬೂತಾಯಿ ಮೀನಿಗೆ ಒಂದು ಅಳತೆಯ ಕಣ್ಣು, ಬಂಗುಡೆಗೆ ಇನ್ನೊಂದು, ಅಂಜಲಿಗೆ ಮತ್ತೂ ದೊಡ್ಡದು. ಕಿವಿರಿನಲ್ಲಿ ಸಿಕ್ಕಿಸಿ ಹಿಡಿಯುವ ಬಲೆಯಲ್ಲಿ ಮೀನಿನ ತಲೆ ಕಣ್ಣಿನೊಳಗೆ ತೂರಬೇಕು, ಮೈ ತೂರಬಾರದು. ಅಳತೆ ತಪ್ಪಿದರೆ ಮೀನೂ ತಪ್ಪುತ್ತದೆ. ನೂಲು ಪಟ್ಟಿಯ ಮೇಲಿನಿಂದ ಬಂದು, ಮೇಲಿನ ಸಾಲಿನ ಕಣ್ಣಿನೊಳಗೆ ಕೆಳಗಿನಿಂದ ಏರಿ, ಅದರ ಎರಡೂ ಕಾಲುಗಳ ಹಿಂದೆ ಸುತ್ತಿ, ತನ್ನದೇ ಕೆಳಗೆ ನುಸುಳಿ ಹೊರಬರುತ್ತದೆ. ಹೆಬ್ಬೆರಳು ಒತ್ತಿ ಹಿಡಿದಿರುವಾಗಲೇ ಎಳೆದರೆ ಗಂಟು ಬೀಳುತ್ತದೆ. ಲೋಕದ ಬಹುತೇಕ ಕಡಲುಗಳಲ್ಲಿ ಬಲೆಗೆ ಹೆಚ್ಚಾಗಿ ಹಾಕುವುದು ಇದೇ ಗಂಟನ್ನು. ಹತ್ತಿ ಮತ್ತು ಸೆಣಬಿನ ನೂಲು ಬಿಗಿಯಾಗಿ ಕಚ್ಚುತ್ತಿತ್ತು. ನೈಲಾನು ಜಾರುವುದರಿಂದ ಸುತ್ತನ್ನು ಇಮ್ಮಡಿ ಮಾಡಬೇಕಾಗುತ್ತದೆ.

ಹರಿದ ಬಲೆಯನ್ನು ಕೂಡಿಸುವ ಬಗೆಯಂತೂ ಗಮನವಿಟ್ಟು ನೋಡತಕ್ಕದ್ದು. ಬಲ್ಲವನು ಮೊದಲು ತೂತನ್ನು ಇನ್ನಷ್ಟು ಕತ್ತರಿಸುತ್ತಾನೆ. ಹರಕಿನ ಅಂಚಿನಲ್ಲಿ ಜೋಲುವ ತುಂಡುಗಳನ್ನು ಗಂಟಿನವರೆಗೆ ಸವರಿ, ಮೂರು ಎಳೆ ಉಳಿದಿರುವ ಒಂದು ಗಂಟನ್ನು ಆರಂಭಕ್ಕೂ ಅಂಥದೇ ಇನ್ನೊಂದನ್ನು ಕೊನೆಗೂ ಆರಿಸಿಕೊಂಡು, ನಡುವೆ ಎರಡೆರಡು ಎಳೆಗಳ ಗಂಟುಗಳು ಮಾತ್ರ ಉಳಿಯುವಂತೆ ಅಂಚನ್ನು ಒಪ್ಪ ಮಾಡಿಕೊಳ್ಳುತ್ತಾನೆ. ಅಲ್ಲಿಂದ ಮುಂದೆ ಸಾಲು ಸಾಲಾಗಿ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಹೆಣೆಯುತ್ತ ಹೋದರೆ ಕೊನೆಯ ಗಂಟು ತಾನಾಗಿ ಕೂಡಿಕೊಳ್ಳುತ್ತದೆ. ಈ ಲೆಕ್ಕ ಕಾಗದದ ಮೇಲೆ ಬಿಡಿಸಿದರೂ ಬೇಗ ತಲೆಗೆ ಹತ್ತುವಂಥದ್ದಲ್ಲ. ಬಲೆಯವರ ಬೆರಳುಗಳಾದರೋ ಮಾತಿನ ನಡುವೆಯೇ ಅದನ್ನು ಮಾಡಿ ಮುಗಿಸುತ್ತವೆ. ಬಾಯಿ ಮೀನಿನ ದರವನ್ನೋ ಮಗಳ ಮದುವೆಯನ್ನೋ ಚರ್ಚಿಸುತ್ತಿರುತ್ತದೆ, ಕಣ್ಣು ಆಗಾಗ ಕಡಲಿನ ಕಡೆಗೆ ಹೋಗಿ ಬರುತ್ತದೆ, ಕೈ ಮಾತ್ರ ನಿಲ್ಲುವುದಿಲ್ಲ.

ಉಣ್ಣೆಯ ಹೆಣಿಗೆಗೂ ಬಲೆಯ ಹೆಣಿಗೆಗೂ ನಡುವಿನ ಮೂಲಭೂತ ಅಂತರ ಇಲ್ಲಿಯೇ ಇದೆ. ಎರಡು ಕಡ್ಡಿಗಳಿಂದ ಹೆಣೆಯುವ ಸ್ವೆಟರಿನಲ್ಲಿ ಗಂಟುಗಳೇ ಇಲ್ಲ. ಒಂದರೊಳಗಿಂದ ಒಂದನ್ನು ಎಳೆದ ಕುಣಿಕೆಗಳ ಸಾಲು ಮಾತ್ರ ಇರುತ್ತದೆಯಾದ್ದರಿಂದ ತುದಿಯ ನೂಲನ್ನು ಎಳೆದರೆ ಇಡೀ ಹೆಣಿಗೆ ಬಿಚ್ಚಿಹೋಗಿ ಮತ್ತೆ ಹೊಸದಾಗಿ ಆರಂಭಿಸಬಹುದು. ಬಲೆಯಲ್ಲಿ ಪ್ರತಿ ಕಣ್ಣೂ ಸ್ವತಂತ್ರ; ಒಂದು ಹರಿದರೆ ಪಕ್ಕದ್ದು ನಿಂತೇ ಇರುತ್ತದೆ, ಆದರೆ ಹಾಕಿದ ಗಂಟನ್ನು ಬಿಚ್ಚಿ ತಿದ್ದಲಾಗದು, ಕತ್ತರಿಸಲೇಬೇಕು. ಕರಾವಳಿಯ ಸೆಕೆಯಲ್ಲಿ ಉಣ್ಣೆಗೆ ಕೆಲಸ ಕಡಿಮೆ. ಹಸುಗೂಸಿನ ಕುಲಾವಿ, ಕಾಲುಚೀಲಗಳಿಗೆ ಅದು ಸೀಮಿತ. ಇಲ್ಲಿ ಬೇರೂರಿದ್ದು ಕೊಕ್ಕೆಯ ಕಡ್ಡಿಯಿಂದ ಹತ್ತಿ ನೂಲಿನಲ್ಲಿ ಹೆಣೆಯುವ ಕ್ರೋಷಾ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರ ಹೆಣ್ಣುಮಕ್ಕಳ ಶಾಲೆಗಳಲ್ಲೂ 1870ರಲ್ಲಿ ಬಂದ ಅಪೊಸ್ತಲಿಕ್ ಕಾರ್ಮೆಲ್ ಸೋದರಿಯರ ಶಾಲೆಗಳಲ್ಲೂ ಸೂಜಿ ಕೆಲಸ ಪಾಠದ ಭಾಗವಾಗಿತ್ತು. ಅಲ್ಲಿಂದ ಮನೆಮನೆಗೆ ಹರಡಿದ ಈ ಕಲೆ ಮುಂದೆ ರೇಡಿಯೋದ ಮೇಲೊಂದು, ಟೀವಿಯ ಮೇಲೊಂದು, ಕುರ್ಚಿಯ ಬೆನ್ನಿಗೊಂದು ಬಿಳಿಯ ಹೊದಿಕೆಯಾಗಿ ಎಲ್ಲ ಜಾತಿ ಧರ್ಮದವರ ಮನೆಗಳಲ್ಲೂ ಕಾಣಿಸಿಕೊಂಡಿತು. ಬಣ್ಣಬಣ್ಣದ ಪ್ಲಾಸ್ಟಿಕ್ ವಯರಿನಿಂದ ಹೆಣೆದ ಬುಟ್ಟಿಚೀಲ ಅದರದೇ ತಂಗಿ; ಮಾರುಕಟ್ಟೆಗೂ ದೋಣಿಗೂ ಅದರಷ್ಟು ಹೊಂದುವ ಚೀಲ ಇನ್ನೊಂದಿಲ್ಲ. ಬಾಳೆಯ ನಾರಿನಲ್ಲಿ ಮಲ್ಲಿಗೆ ಕಟ್ಟುವುದೂ ಗಂಟಿನ ವಿದ್ಯೆಯೇ. ಶಂಕರಪುರದ ಕಡೆಯಿಂದ ಬರುವ ಮಲ್ಲಿಗೆಯನ್ನು 800 ಹೂಗಳ ಚೆಂಡು, ನಾಲ್ಕು ಚೆಂಡುಗಳ ಅಟ್ಟಿ ಎಂದು ಎಣಿಸಿ ಮಾರುತ್ತಾರೆ, ಅಂದರೆ ಒಂದು ಅಟ್ಟಿಗೆ 3,200 ಹೂಗಳನ್ನು ಯಾರೋ ಕೈಯಿಂದ ಕಟ್ಟಿರುತ್ತಾರೆ.

ಕಡಲಿಗೂ ಹೆಣಿಗೆಗೂ ನಂಟು ಬೇರೆ ದೇಶಗಳಲ್ಲೂ ಇದೆ. ಬ್ರಿಟನ್ನಿನ ಮೂಡಣ ಕರಾವಳಿಯಲ್ಲಿ ಹೆರಿಂಗ್ ಮೀನಿನ ಹಿಂದೆ ಬೋಟುಗಳು ಬಡಗಣದಿಂದ ತೆಂಕಣಕ್ಕೆ ಸಾಗಿದಂತೆ, ಮೀನು ಸೀಳಿ ಉಪ್ಪು ಹಾಕುವ ಸ್ಕಾಟ್‌ಲೆಂಡಿನ ಹುಡುಗಿಯರೂ ಬಂದರಿನಿಂದ ಬಂದರಿಗೆ ಪಯಣಿಸುತ್ತ, ಕೆಲಸವಿಲ್ಲದ ಗಳಿಗೆಯಲ್ಲಿ ನಡೆಯುತ್ತಲೇ ಕಡ್ಡಿ ಆಡಿಸುತ್ತಿದ್ದರು. ಗಾನ್ಸಿ ಎಂಬ ಬಿಗಿ ಹೆಣಿಗೆಯ ಮೀನುಗಾರರ ಅಂಗಿ ಆ ಕೈಗಳಿಂದ ಬಂದದ್ದು. ಐರ್ಲೆಂಡಿನ ಜೆ. ಎಂ. ಸಿಂಗ್ ಅವರ ‘ರೈಡರ್ಸ್ ಟು ದ ಸೀ’ ಎಂಬ 1904ರ ನಾಟಕದಲ್ಲಿ, ಕಡಲಿನಲ್ಲಿ ಮುಳುಗಿದ ಅಣ್ಣನನ್ನು ತಂಗಿ ಗುರುತಿಸುವುದು ತಾನೇ ಹೆಣೆದ ಕಾಲುಚೀಲದಲ್ಲಿ ಕೈತಪ್ಪಿ ಬಿಟ್ಟ ನಾಲ್ಕು ಕುಣಿಕೆಗಳಿಂದ. ಕಡಲಿಗೆ ಹೋದವರನ್ನು ಕಾಯುವ ಮನೆಗಳಲ್ಲಿ ಕೈಕೆಲಸ ಹೊತ್ತು ಕಳೆಯುವ ಸಾಧನವಷ್ಟೇ ಅಲ್ಲವೆಂದು ತಿಳಿಯಲು ಆ ಒಂದು ದೃಶ್ಯ ಸಾಕು.

ಆದರೂ ಎಲ್ಲ ಕೈಕೆಲಸವನ್ನೂ ಸಂತೋಷವೆಂದು ಹೊಗಳುವುದು ಅನ್ಯಾಯವಾಗುತ್ತದೆ. ಕರಾವಳಿಯ ಸಾವಿರಾರು ಮನೆಗಳಲ್ಲಿ ಹೆಂಗಸರು ಬೀಡಿ ಕಟ್ಟುತ್ತಾರೆ. ಅಲ್ಲೂ ನೂಲಿದೆ, ಅಲ್ಲೂ ಬೆರಳಿನ ಜಾಣತನವಿದೆ, ಜಗಲಿಯ ಮಾತುಕತೆಯೂ ಇದೆ. ಆದರೆ ಎಣಿಕೆಗೆ ತಕ್ಕ ಕೂಲಿ ಎಂದಾದ ಕೂಡಲೇ ಕೈಯ ವೇಗವನ್ನು ನಿರ್ಧರಿಸುವವರು ಬೇರೆಯವರಾಗುತ್ತಾರೆ. ಕೆಲಸ ಮಾಡುವವರೇ ತಮ್ಮ ವೇಗವನ್ನು ಗೊತ್ತುಮಾಡಿಕೊಂಡು, ಬೇಕೆನಿಸಿದಾಗ ನಿಲ್ಲಿಸಿ ಕಡಲು ನೋಡಬಲ್ಲಷ್ಟು ಸ್ವಾತಂತ್ರ್ಯವಿದ್ದಾಗ ಮಾತ್ರ ದುಡಿಮೆಯೊಳಗೆ ಸಂತೋಷ ಹುಟ್ಟುತ್ತದೆ. ತನ್ನದೇ ಬಲೆಯನ್ನು ಕೂಡಿಸುವವನಿಗೂ ಕೂಲಿಗೆ ಬೇರೆಯವರ ಬಲೆ ಕೂಡಿಸುವವನಿಗೂ ಗಂಟು ಒಂದೇ, ದಿನ ಬೇರೆ ಬೇರೆ.

ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡೇ ಹಳೆಯದರ ಹಂಬಲವನ್ನೂ ವಿಚಾರ ಮಾಡಬೇಕು. ಕರಾವಳಿಯ ಮೀನುಗಾರರಲ್ಲಿ ವಯಸ್ಸಾದವರು ಮಾತಿಗೆ ಕುಳಿತರೆ ಮೊದಲು ಬರುವುದು ರಂಪಣಿಯ ಪ್ರಸ್ತಾಪ. ರಂಪಣಿ ಎಂದರೆ ದೋಣಿಯಲ್ಲಿ ಕೊಂಡೊಯ್ದು ಕಡಲಿನಲ್ಲಿ ಅರ್ಧ ವೃತ್ತಾಕಾರಕ್ಕೆ ಬಿಟ್ಟು, ಎರಡೂ ತುದಿಗಳ ಹಗ್ಗವನ್ನು ದಡದಿಂದ ಹತ್ತಾರು ಜನ ಎಳೆಯುವ ಬೃಹತ್ ಬಲೆ. ಒಬ್ಬರ ಸ್ವತ್ತಾಗಲು ಸಾಧ್ಯವಿಲ್ಲದಷ್ಟು ದೊಡ್ಡದಾದ ಆ ಬಲೆಯನ್ನು ಹಲವು ಮನೆಗಳವರು ಕೂಡಿ ಕಟ್ಟಿ, ಕೂಡಿ ಎಳೆದು, ಬಂದ ಮೀನನ್ನು ಪಾಲು ಮಾಡಿಕೊಳ್ಳುತ್ತಿದ್ದರು. ಬೂತಾಯಿ, ಬಂಗುಡೆಗಳ ಹಿಂಡು ದಡಕ್ಕೆ ಹತ್ತಿರ ಬಂದ ಸುದ್ದಿ ಹಬ್ಬಿದರೆ ಊರಿಗೆ ಊರೇ ಹಗ್ಗಕ್ಕೆ ಕೈ ಹಾಕುತ್ತಿತ್ತು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು, ಅಂದರೆ ಮೀನಿನ ಹಿಂಡನ್ನು ಆಳ ನೀರಿನಲ್ಲೇ ಸುತ್ತುವರಿದು ಬಲೆಯ ತಳವನ್ನು ಚೀಲದ ಬಾಯಿಯ ಹಾಗೆ ಬಿಗಿಯುವ ಯಂತ್ರದೋಣಿಗಳು, ಬಂದ ಮೇಲೆ ಹಿಂಡುಗಳು ದಡಕ್ಕೆ ಬರುವುದೇ ಕಡಿಮೆಯಾಗಿ, ಕೆಲವೇ ವರ್ಷಗಳಲ್ಲಿ ರಂಪಣಿ ಹಿಂದೆ ಸರಿಯಿತು. ಅದರ ಸಣ್ಣ ರೂಪವಾದ ಕೈರಂಪಣಿ ಮಾತ್ರ ಅಲ್ಲಲ್ಲಿ ಉಳಿದಿದೆ.

ಆ ಕಾಲದಲ್ಲಿ ಹಸಿವೂ ಇತ್ತು, ಸಾಲವೂ ಇತ್ತು. ಹತ್ತಿಯ ಬಲೆಯನ್ನು ದಿನವೂ ಒಣಗಿಸಬೇಕಿತ್ತು, ಕೊಳೆಯದಂತೆ ಮರದ ತೊಗಟೆಯ ಕಷಾಯದಲ್ಲಿ ಅದ್ದಬೇಕಿತ್ತು. ನೈಲಾನು ಆ ಶ್ರಮವನ್ನೆಲ್ಲ ತೆಗೆದುಹಾಕಿತು, ಅದಕ್ಕಾಗಿ ಮರುಗುವವರು ಯಾರೂ ಇಲ್ಲ. ಹಿರಿಯರು ನೆನೆಯುವುದು ಶ್ರಮವನ್ನಲ್ಲ, ಹಗ್ಗದ ಎರಡೂ ತುದಿಗಳಲ್ಲಿ ತಮ್ಮವರೇ ಇದ್ದ ಸಂಗತಿಯನ್ನು. ಅವರ ಹಂಬಲದೊಳಗೆ ಪಾಲುದಾರಿಕೆ ಹೇಗಿರಬೇಕೆಂಬ ಒಂದು ನ್ಯಾಯದ ತಿಳಿವಳಿಕೆ ಇದೆ. ಅದನ್ನು ಮುದುಕರ ಹಳಹಳಿಕೆಯೆಂದು ತಳ್ಳಿಹಾಕಬಾರದು. ಶಿವರಾಮ ಕಾರಂತರು ‘ಮರಳಿ ಮಣ್ಣಿಗೆ’ ಕಾದಂಬರಿಯಲ್ಲಿ, ಬೆಂಗ್ರೆಯಂತೆಯೇ ಕಡಲಿಗೂ ಹೊಳೆಗೂ ನಡುವಿರುವ ಕೋಡಿ ಎಂಬ ಊರನ್ನು ಆರಿಸಿಕೊಂಡು, ಮದರಾಸು, ಮುಂಬಯಿಗಳನ್ನು ಕಂಡು ಬಂದ ರಾಮನನ್ನು ಅಲ್ಲಿಗೇ ಮರಳಿಸಿದಾಗಲೂ ಊರಿನ ಬಡತನವನ್ನು ಬಚ್ಚಿಡಲಿಲ್ಲ. ನೆನಪಿಗೆ ಅಂಥ ಪ್ರಾಮಾಣಿಕತೆ ಇರಬೇಕು.

ಬೊಬ್ಬರ್ಯನೆಂಬ ದೈವದ ನೆನಪು ಇನ್ನೂ ಹಳೆಯದು. ಮುಸ್ಲಿಂ ವ್ಯಾಪಾರಿಯೊಬ್ಬನಿಗೆ ಹುಟ್ಟಿ, ಕಡಲಿನಲ್ಲಿ ಓಡಾಡಿ, ಕಾಯ ಬಿಟ್ಟು ಮಾಯ ಸೇರಿದವನೆಂದು ತುಳು ಪಾಡ್ದನಗಳು, ಅಂದರೆ ದೈವಗಳ ಕಥೆ ಹೇಳುವ ಹಾಡುಗಳು, ಬಣ್ಣಿಸುವ ಬೊಬ್ಬರ್ಯನನ್ನು ಮೊಗವೀರರು ಕಡಲಿನ ರಕ್ಷಕನೆಂದು ನಂಬಿ ಪೂಜಿಸುತ್ತಾರೆ. ತೋಟ ಬೆಂಗ್ರೆ ಮತ್ತು ಕಸಬಾ ಬೆಂಗ್ರೆಗಳು ಒಂದೇ ಮರಳಿನ ಮೇಲಿವೆಯೆಂಬುದನ್ನು ಈ ನಂಬಿಕೆ ಬಹಳ ಹಿಂದೆಯೇ ಒಪ್ಪಿಕೊಂಡಿದೆ. ಶ್ರಾವಣದ ನೂಲ ಹುಣ್ಣಿಮೆಯ ಸಮಯದಲ್ಲಿ ಬೆಂಗ್ರೆಯ ಮೊಗವೀರರು ತಣ್ಣೀರುಬಾವಿಯ ಕರೆಯಲ್ಲಿ ಹಾಲು, ತೆಂಗಿನಕಾಯಿಗಳನ್ನು ಅರ್ಪಿಸಿ ಸಮುದ್ರಪೂಜೆ ಮಾಡುತ್ತಾರೆ. ಮಳೆಗಾಲದ ಬಿಡುವು ಅಲ್ಲಿಗೆ ಮುಗಿದು, ಕೂಡಿಸಿಟ್ಟ ಬಲೆಗಳು ಬೋಟು ಏರುತ್ತವೆ.

ಹೊಳೆಗೆ ಅಡ್ಡಲಾಗಿ ಸೇತುವೆಯಾಗಬೇಕೆಂಬ ಮಾತು, ದಂಡೆಯನ್ನು ಪ್ರವಾಸಿ ತಾಣವಾಗಿ ಬೆಳೆಸಬೇಕೆಂಬ ಮಾತು ಮಂಗಳೂರಿನಲ್ಲಿ ನಡೆಯುತ್ತಲೇ ಇದೆ. ರಾತ್ರಿ ವೇಳೆ ರೋಗಿಯನ್ನು ಆಸ್ಪತ್ರೆಗೆ ಒಯ್ಯಬೇಕಾದ ಮನೆಯವರ ಕಷ್ಟ ಬಲ್ಲ ಯಾರೂ ಸೇತುವೆಯನ್ನು ಬೇಡವೆನ್ನಲಾರರು. ಆದರೆ ಸೇತುವೆ ಬಂದ ಕಾರಣಕ್ಕೆ ಕಡವನ್ನು ಮುಚ್ಚಬಾರದು. ಸ್ವಂತ ವಾಹನವಿಲ್ಲದವರಿಗೆ, ಬುಟ್ಟಿ ಹೊತ್ತವರಿಗೆ, ಶಾಲೆಯ ಮಕ್ಕಳಿಗೆ ದೋಣಿಗಿಂತ ಅಗ್ಗವಾದ, ಹತ್ತಿರದ ದಾರಿ ಆಗಲೂ ಇರಲಾರದು. ಹಾಗೆಯೇ ದಂಡೆಯನ್ನು ಅಂದಗೊಳಿಸುವವರು ಬಲೆ ಹರಡಲು, ಒಣಗಿಸಲು, ಕುಳಿತು ಕೂಡಿಸಲು ಬೇಕಾದ ಮರಳಿನ ಜಾಗವನ್ನು ಮೊದಲು ಗುರುತಿಸಿ ಬಿಟ್ಟು, ಆಮೇಲೆ ಕುರ್ಚಿ, ದೀಪಗಳಿಗೆ ಜಾಗ ಹುಡುಕಬೇಕು. ಪೇಟೆಯಲ್ಲಿ ಆಟ, ನಾಟಕಗಳನ್ನು ಏರ್ಪಡಿಸುವವರೂ ಕೊನೆಯ ದೋಣಿಯ ವೇಳೆಯನ್ನು ಒಮ್ಮೆ ವಿಚಾರಿಸಿಕೊಂಡು ಮಂಗಳ ಹಾಡಿಸಿದರೆ ಹೊಳೆಯಾಚೆಯ ಪ್ರೇಕ್ಷಕರು ಹೆಚ್ಚುತ್ತಾರೆ.

ಮಂಗಳೂರಿಗೆ ಬಂದ ಓದುಗರು ತಣ್ಣೀರುಬಾವಿಗೆ ಕಾರಿನಲ್ಲಿ ಹೋಗುವ ಬದಲು ಒಂದು ಸಲ ಹಳೆ ಬಂದರಿನ ಕಡವಿನಿಂದ ದೋಣಿ ಹತ್ತಿ ಬೆಂಗ್ರೆಗೆ ಹೋಗಬೇಕು; ಬಲೆ ಕೂಡಿಸುತ್ತಿರುವವರು ಕಂಡರೆ, ಫೋಟೋ ತೆಗೆಯುವ ಮೊದಲು, ಕುಳಿತುಕೊಳ್ಳಬಹುದೇ ಎಂದು ಅವರನ್ನು ಕೇಳಬೇಕು.